ಏಳನೇ ಲೆಮ್ಮಾದ ನಾಲ್ಕನೇ ಸಾಲು

ನಮ್ಮ ಗಣಿತ ವಿಭಾಗದಲ್ಲಿ ಹೆದರಿದವರು ಬಹಳ ಮಂದಿ ಇದ್ದಾರೆ. ಆದರೆ ನನ್ನಷ್ಟು ದೊಡ್ಡ ಪ್ರಮಾಣದಲ್ಲಿ, ನನ್ನಷ್ಟು ಅಚ್ಚುಕಟ್ಟಾಗಿ ಹೆದರಿದವರು ಹಿಂದೆ ಇರಲಿಲ್ಲ, ಮುಂದೆ ಹುಟ್ಟುವುದೂ ಅನುಮಾನ. ನಾನು ಯಾವ ಕೆಲಸವನ್ನೂ ಅರೆಬರೆ ಮಾಡುವವನಲ್ಲ.

ಆ ಬುಧವಾರ ನನ್ನ ಕೊನೆಯ ಸೆಮಿನಾರ್ ಇತ್ತು. ಅದೊಂದು ಮುಗಿದರೆ ಗೈಡ್ ಮೇಡಂ ಫಾರಂಗೆ ಸಹಿ ಹಾಕುತ್ತಾರೆ, ಐದು ವರ್ಷದ ನನ್ನ ಥೀಸಿಸ್ಸು ಪರೀಕ್ಷಕರ ಬಳಿಗೆ ಹೋಗುತ್ತದೆ, ನಾನು ಡಾಕ್ಟರ್ ಆಗುತ್ತೇನೆ. ನೂರ ಹನ್ನೆರಡು ಪುಟ, ಏಳು ಲೆಮ್ಮಾ, ಒಂದು ಪ್ರಮೇಯ. ಲೆಮ್ಮಾ ಎಂದರೆ ಚಿಕ್ಕ ಸತ್ಯ. ಅಂಥ ಏಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲೆ ದೊಡ್ಡ ಸತ್ಯವನ್ನು ಕೂರಿಸಿದ್ದೆ. ಇನ್ನು ಮುಂದೆ ಗಣಿತದ ಚರಿತ್ರೆಯನ್ನು ಈ ಬುಧವಾರಕ್ಕೆ ಮೊದಲು, ಈ ಬುಧವಾರದ ನಂತರ ಎಂದು ಎರಡು ಸಂಪುಟಗಳಲ್ಲಿ ಬರೆಯಬೇಕಾಗುತ್ತದೆ ಎಂದು ಲೈಬ್ರರಿಯವರಿಗೆ, ಕಾವಲುಗಾರನಿಗೆ, ಕ್ಯಾಂಟೀನಿನಲ್ಲಿ ಕಾಫಿ ಸೋಸುವವನಿಗೆ ಖುದ್ದಾಗಿ ತಿಳಿಸಿದ್ದೆ. ಕಾಫಿಯವನು, "ಹಾಗಾದ್ರೆ ಅವತ್ತು ಸಕ್ಕರೆ ಜಾಸ್ತಿ ಹಾಕ್ತೀನಿ ಬಿಡಿ" ಅಂದಿದ್ದ.

ಮನೆಯಲ್ಲೂ ಹೇಳಿದ್ದೆ. ಮನೆ ಅಂದರೆ ನನ್ನ ಅಕ್ಕ, ಅವಳ ಹೊಲಿಗೆ ಅಂಗಡಿ, ಅಂಗಡಿಯ ಮೇಲಿನ ಎರಡು ಕೋಣೆ. ಬೆಳಿಗ್ಗೆ ಅವಳು ನನ್ನ ಹೊಸ ಶರ್ಟಿಗೆ ಕೊನೆಯ ಗುಂಡಿ ಹಾಕಿ, ದಾರವನ್ನು ಹಲ್ಲಿನಲ್ಲಿ ಕಡಿದು, "ನಾನೂ ಬರ್ತೀನಿ ಕಣೋ" ಅಂದಳು.

"ಅಕ್ಕಾ, ನಿಂಗೆ ಒಂದಕ್ಷರ ಅರ್ಥ ಆಗಲ್ಲ."

"ಇಡೀ ಊರಲ್ಲಿ ಯಾರಿಗೂ ಅರ್ಥ ಆಗಲ್ಲ ಅಂತ ನೀನೇ ಕೊಚ್ಕೊಂಡಿದ್ದೀಯಲ್ಲ. ಅರ್ಥ ಆಗದೇ ಇರೋರ ಜೊತೆ ನಾನೂ ಒಂದು ಕುರ್ಚಿ ಹಾಕ್ಕೊಂಡು ಕೂತ್ಕೋತೀನಿ."

ಗಣಿತಜ್ಞ ನಾನು, ತರ್ಕ ಗೆದ್ದದ್ದು ಅವಳದು. ಅಂಗಡಿಗೆ ಅರ್ಧ ದಿನ ಬೀಗ ಬಿತ್ತು.

ನಮ್ಮ ಸೆಮಿನಾರ್ ಕೋಣೆ ಎರಡನೇ ಮಹಡಿಯ ಮೂಲೆಯಲ್ಲಿದೆ. ನಲವತ್ತು ಕುರ್ಚಿ, ಬಾಗಿಲಿಗೆ ಅಂಗೈಯಗಲದ ಗಾಜು, ಗೋಡೆಯ ಈ ತುದಿಯಿಂದ ಆ ತುದಿಗೆ ನಾಲ್ಕು ಹಸಿರು ಬೋರ್ಡು. ಈ ಕೋಣೆಗೆ ಒಂದು ಪದ್ಧತಿ ಇದೆ. ಭಾಷಣ ಮುಗಿದ ಮೇಲೆ ಭಾಷಣಕಾರ ಬೋರ್ಡು ಮುಟ್ಟುವಂತಿಲ್ಲ. ಅಧ್ಯಕ್ಷರು ಡಸ್ಟರ್ ಎತ್ತಿ, "ಒರೆಸಬಹುದೇ?" ಎಂದು ಕೇಳುತ್ತಾರೆ. ಎಲ್ಲರೂ ಸುಮ್ಮನಿದ್ದರೆ ಒರೆಸುತ್ತಾರೆ, ನೀವು ಗೆದ್ದಿರಿ. ಕೋಣೆಯಲ್ಲಿ ಒಬ್ಬರೇ ಒಬ್ಬರು "ಬೇಡ" ಅಂದರೂ ಮುಗಿಯಿತು. ಬರೆದದ್ದೆಲ್ಲ ಮುಂದಿನ ಬುಧವಾರದವರೆಗೆ ಹಾಗೇ ಇರುತ್ತದೆ. ಅನುಮಾನ ಇರುವವರು ಬಂದು ನೋಡಬಹುದು, ಸಾಲಿನ ಪಕ್ಕದಲ್ಲಿ ಗುರುತು ಹಾಕಬಹುದು. ಬರೆದವನು ಮಾತ್ರ ಒಂದು ಚುಕ್ಕೆಯನ್ನೂ ಬದಲಿಸುವಂತಿಲ್ಲ. ಬೋರ್ಡು ಒರೆಸುವ ತನಕ ಗೈಡ್ ಸಹಿ ಹಾಕುವಂತಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಮೂರು ಸಲ "ಬೇಡ" ಎಂಬ ಮಾತು ಬಂದಿತ್ತು. ಹಾಗೆ ಸಿಕ್ಕಿಬಿದ್ದ ಮೂವರು ಭಾಷಣಕಾರರಲ್ಲಿ ಒಬ್ಬರು ಈಗ ಜೇನು ಸಾಕುತ್ತಿದ್ದಾರೆ.

ಮೂರು ಸಲವೂ ಬೇಡ ಎಂದವರು ಒಬ್ಬರೇ: ಗೊರಕೆ ಮೇಷ್ಟ್ರು. ನಿವೃತ್ತರಾಗಿ ಹತ್ತು ವರ್ಷವಾದರೂ ಮುಂದಿನ ಸಾಲಿನ ನಡುವಿನ ಕುರ್ಚಿ ಅವರದೇ. ಕುಳಿತ ಎರಡನೇ ನಿಮಿಷಕ್ಕೆ ಗದ್ದ ಎದೆಗೆ ತಾಗುತ್ತದೆ, ಕೋಣೆಯ ಗಾಜುಗಳು ಅದುರುತ್ತವೆ. ಆದರೆ ವಾದ ಎಲ್ಲಿ ಸಡಿಲವೋ ಸರಿಯಾಗಿ ಅಲ್ಲಿಗೆ ಎಚ್ಚರವಾಗುತ್ತದೆ ಎಂದು ಪ್ರತೀತಿ. ಅವರು ನಿದ್ದೆಯಲ್ಲಿ ಮಗ್ಗುಲು ಬದಲಿಸಿದರೆ ಸಾಕು, ಪ್ರೊಫೆಸರುಗಳ ಕೈಯಿಂದ ಚಾಕ್‌ಪೀಸು ಬಿದ್ದದ್ದನ್ನು ನಾನೇ ಕಂಡಿದ್ದೇನೆ.

ಮೊದಲ ಮೂರು ಬೋರ್ಡು ನಾನು ಬರೆದದ್ದಲ್ಲ, ಹಾರಿದ್ದು. ಹಿಂದಿನ ಸಾಲಿನಲ್ಲಿ ಅಕ್ಕ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಪ್ರತಿ ಸಾಲಿಗೂ ತಲೆದೂಗುತ್ತಿದ್ದಳು. ನಾಲ್ಕನೇ ಬೋರ್ಡಿಗೆ ಬಂದೆ. ಏಳನೇ ಲೆಮ್ಮಾ. ಮೊದಲ ಸಾಲು, ಎರಡನೆಯದು, ಮೂರನೆಯದು. ನಾಲ್ಕನೇ ಸಾಲು ಬರೆದು ಮುಗಿಸುವಾಗ ನನ್ನ ಕೈ ನಿಂತಿತು.

ಏನಾಯಿತೆಂದು ಬಾವಿಯ ಲೆಕ್ಕದಲ್ಲಿ ಹೇಳುತ್ತೇನೆ. ಒಂದು ಊರಲ್ಲಿ ಕೊನೆಯೇ ಇಲ್ಲದಷ್ಟು ಬಾವಿಗಳಿವೆ ಎಂದುಕೊಳ್ಳಿ. ಪ್ರತಿ ಬಾವಿಗೂ ತಳವಿದೆ. ಆದ್ದರಿಂದ ಪ್ರತಿಯೊಂದಕ್ಕೂ ತಳ ಮುಟ್ಟುವ ಒಂದು ಹಗ್ಗ ಸಿಗುತ್ತದೆ. ಇದು ಮೂರನೇ ಸಾಲು, ನಿಜ. ನಾಲ್ಕನೇ ಸಾಲಿನಲ್ಲಿ ನಾನು, "ಆ ಹಗ್ಗವನ್ನು ತೆಗೆದುಕೊಳ್ಳೋಣ" ಎಂದು ಬರೆದು, ಅದೊಂದೇ ಹಗ್ಗವನ್ನು ಊರಿನ ಎಲ್ಲಾ ಬಾವಿಗಳಿಗೂ ಇಳಿಸಿಬಿಟ್ಟಿದ್ದೆ. ಬಾವಿಗಳು ಒಂದಕ್ಕಿಂತ ಒಂದು ಆಳವಾಗುತ್ತ ಹೋದರೆ ಯಾವ ಹಗ್ಗ ಸಾಕಾಗುತ್ತದೆ? ಯಾವುದೂ ಇಲ್ಲ. ಐದು ವರ್ಷ ಆ ಸಾಲನ್ನು ನೂರು ಸಲ ಓದಿದ್ದೆ. ನೂರ ಒಂದನೇ ಸಲ, ಮೂವತ್ತು ಜನರಿಗೆ ಬೆನ್ನು ಹಾಕಿ ನಿಂತಾಗ ಕಂಡಿತು.

ಎದೆಬಡಿತ ಕೆಳಗಿನ ಮಹಡಿಯ ಭೌತಶಾಸ್ತ್ರದವರಿಗೆ ಕೇಳಿಸಿ ಅವರು ಭೂಕಂಪ ಎಂದು ಬರೆದುಕೊಂಡಿರಬೇಕು. ಏಳನೆಯದು ಹೋದರೆ ಪ್ರಮೇಯ ಹೋಯಿತು. ಪ್ರಮೇಯ ಹೋದರೆ ನೂರ ಹನ್ನೆರಡು ಪುಟದಲ್ಲಿ ಉಳಿಯುವುದು ಕೃತಜ್ಞತೆಗಳು ಮಾತ್ರ.

ಆಗಲೇ ತಿರುಗಿ ಹೇಳಿಬಿಡಬಹುದಿತ್ತು. ತಿರುಗಿದೆ ಕೂಡ. ಹಿಂದಿನ ಸಾಲಿನಿಂದ ಅಕ್ಕ ಹೂಂ, ಮುಂದುವರಿಸು ಎನ್ನುವಂತೆ ಗದ್ದ ಎತ್ತಿದಳು. ನಾನು ಮತ್ತೆ ಬೋರ್ಡಿನ ಕಡೆಗೆ ತಿರುಗಿ, ಗಣಿತದಲ್ಲಿ ಅತಿ ಹೆಚ್ಚು ಹೆಣಗಳನ್ನು ಮುಚ್ಚಿಟ್ಟಿರುವ ಆ ಪದವನ್ನು ಬರೆದೆ: "ಸ್ಪಷ್ಟ."

ಅಷ್ಟರಲ್ಲಿ ಗೊರಕೆ ನಿಂತಿತು.

ಮೇಷ್ಟ್ರು ಕಣ್ಣು ಬಿಟ್ಟರು. ಕನ್ನಡಕ ತೆಗೆದು ಪಂಚೆಯಷ್ಟು ದೊಡ್ಡ ಕರವಸ್ತ್ರದಲ್ಲಿ ಒರೆಸಿದರು. ಹಾಕಿಕೊಂಡರು. ನಾಲ್ಕನೇ ಬೋರ್ಡನ್ನು ನೋಡಿದರು. ಗಂಟಲು ಸರಿಮಾಡಿಕೊಂಡರು.

"ಏನಯ್ಯಾ..."

"ಸ-ಸಾರ್."

"ಆ ಕಿಟಕಿ ಒಂಚೂರು ಮುಚ್ತೀಯಾ? ಕತ್ತಿಗೆ ಗಾಳಿ ಹೊಡೀತಿದೆ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಅದು ನಗೆ ಅಂತ ಈಗಲೂ ಪ್ರಮಾಣ ಮಾಡಿ ಹೇಳಲಾರೆ. ಕಿಟಕಿ ಮುಚ್ಚಿ ಬಂದು ಉಳಿದದ್ದನ್ನು ಮೂರು ನಿಮಿಷದಲ್ಲಿ ಮುಗಿಸಿದೆ. ಚಪ್ಪಾಳೆ ಬಿತ್ತು. ಅಧ್ಯಕ್ಷರಾದ ಕಾನೂನು ಸಾರ್ ಎದ್ದು ಡಸ್ಟರ್ ಕೈಗೆತ್ತಿಕೊಂಡರು. ಅವರಿಗೆ ಆ ಹೆಸರು ಬಂದದ್ದು ವಿಭಾಗದ ನಿಯಮಗಳ ಪುಸ್ತಕವನ್ನು ಎದೆಯ ಜೇಬಿನಲ್ಲಿ ಇಟ್ಟುಕೊಂಡು ಓಡಾಡುವುದರಿಂದ.

"ಒರೆಸಬಹುದೇ?"

ಮೇಷ್ಟ್ರ ಗದ್ದ ಮತ್ತೆ ಎದೆಗೆ ಇಳಿದಿತ್ತು. ಬದುಕಿದೆ ಅಂದುಕೊಂಡೆ. ಡಸ್ಟರ್ ಬೋರ್ಡಿಗೆ ಒಂದು ಗೇಣು ದೂರದಲ್ಲಿತ್ತು.

"ಅಯ್ಯೋ, ಬೇಡಿ ಸಾರ್!"

ಅಕ್ಕ ಎದ್ದು ನಿಂತಿದ್ದಳು.

"ಇಷ್ಟು ಮುದ್ದಾಗಿ ಬರ್ದಿದ್ದಾನೆ, ಹಂಗೇ ಒರೆಸಿಬಿಡೋದಾ? ಒಂದು ನಾಲ್ಕು ದಿನ ಇರ್ಲಿ ಬಿಡಿ, ನಾಲ್ಕು ಜನ ನೋಡ್ಲಿ!"

ನಗು ಎದ್ದಿತು. ಕಾನೂನು ಸಾರ್ ನಗಲಿಲ್ಲ. ಅವರ ಮುಖದಲ್ಲಿ ಹತ್ತೊಂಬತ್ತು ವರ್ಷದಿಂದ ಕಾಯುತ್ತಿದ್ದ ಸಂತೋಷ ಬೆಳಗಿತು. ಜೇಬಿನಿಂದ ಪುಸ್ತಕ ತೆಗೆದು, ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿದರು.

"ಸಾರ್, ಅವರು ನಮ್ಮಕ್ಕ. ಟೈಲರು. ಪದ್ಧತಿ ಗೊತ್ತಿಲ್ದೆ ಹೇಳಿದ್ದು..."

"ನೋಡಪ್ಪಾ, 'ಕೋಣೆಯಲ್ಲಿರುವ ಯಾರಾದರೂ' ಅಂತಿದೆ. ಗಣಿತ ಬರೋರು ಅಂತ ಎಲ್ಲೂ ಇಲ್ಲ." ಡಸ್ಟರನ್ನು ಮೇಜಿನ ಮೇಲೆ ದೇವರ ಮೂರ್ತಿಯಂತೆ ಇಳಿಸಿದರು. "ಮುಂದಿನ ಬುಧವಾರದವರೆಗೆ ಹಾಗೇ ಇರಲಿ. ತುಂಬಾ ಥ್ಯಾಂಕ್ಸ್ ಅಮ್ಮಾ."

"ಅಯ್ಯೋ, ಅದಕ್ಕೇನು ಬಿಡಿ" ಅಂದಳು ನನ್ನ ಅಕ್ಕ.

ಗುರುವಾರದಿಂದ ಶುರುವಾದದ್ದನ್ನು ವಾರ ಎನ್ನುವುದಿಲ್ಲ, ಶತಮಾನ ಎನ್ನುತ್ತಾರೆ. ನಾನು ಲೈಬ್ರರಿಯ ಮೂಲೆಯಲ್ಲಿ ಕುಳಿತು ನಾಲ್ಕನೇ ಸಾಲಿಗೆ ತೇಪೆ ಹಾಕಲು ನೋಡಿದೆ. ನಾನೂರು ಹಾಳೆ ಮುಗಿಯಿತು, ಸರಿ, ನಲವತ್ತು. ಒಂದು ಬಾವಿಗೆ ಹಗ್ಗ ಜೋಡಿಸಿದರೆ ಪಕ್ಕದ್ದು ಇನ್ನೆರಡು ಮಾರು ಆಳವಾಗುತ್ತಿತ್ತು. ಅರ್ಧ ಗಂಟೆಗೊಮ್ಮೆ ಎದ್ದು ಹೋಗಿ ಸೆಮಿನಾರ್ ಕೋಣೆಯ ಗಾಜಿನಲ್ಲಿ ಇಣುಕುತ್ತಿದ್ದೆ. ದಿನವೂ ಹನ್ನೊಂದಕ್ಕೆ ಸರಿಯಾಗಿ ಗೊರಕೆ ಮೇಷ್ಟ್ರು ಕಾಫಿ ಲೋಟ ಹಿಡಿದು ಒಳಗೆ ಬಂದು, ನಾಲ್ಕನೇ ಬೋರ್ಡಿನ ಎದುರೇ ನಿಂತು ಕುಡಿಯುತ್ತಿದ್ದರು. ಗುಟುಕಿಗೊಂದು ಸಾಲು. ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಬೆನ್ನು ಏನು ಯೋಚಿಸುತ್ತಿದೆ ಎಂದು ಯಾರು ಹೇಳಬಲ್ಲರು?

ಶನಿವಾರ ಮೆಟ್ಟಿಲ ಮೇಲೆ ಎದುರು ಸಿಕ್ಕರು.

"ನಿನ್ನ ಬೋರ್ಡು ನೋಡ್ತಾ ಇದ್ದೀನಿ ಕಣಯ್ಯ."

"ಸಾರ್, ಅದೂ, ಏನಾದ್ರೂ...?"

"ಅಕ್ಷರ ಮುತ್ತಿನ ಹಾಗಿದೆ" ಎಂದು ಇಳಿದುಹೋದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲನ್ನಷ್ಟೇ ಅಲ್ಲ, ಕುತ್ತಿಗೆಯನ್ನೂ ಮುಟ್ಟಿ ನೋಡಿಕೊಂಡೆ. ಅಕ್ಷರ ಮಾತ್ರ ಚೆನ್ನಾಗಿದೆ ಎಂದರೆ ಉಳಿದದ್ದು?

ಮನೆಗೆ ಬಂದರೆ ಅಲ್ಲಿ ಇನ್ನೊಂದು. ಅಕ್ಕ ಅಳತೆ ಟೇಪು ಕುತ್ತಿಗೆಗೆ ಹಾಕಿಕೊಂಡು ಗಿರಾಕಿಯೊಬ್ಬರಿಗೆ ಹೇಳುತ್ತಿದ್ದಳು: "ಬೇರೆಯೋರು ಬರೆದದ್ದು ಅವತ್ತೇ ಒರೆಸ್ತಾರಂತೆ. ನಮ್ಮೋನದ್ದು ಒಂದು ವಾರ ಇಟ್ಟಿದ್ದಾರೆ!" ನಾನು ಸದ್ದಿಲ್ಲದೆ ಮೆಟ್ಟಿಲು ಹತ್ತಿದೆ. ಅನ್ನ ಇಳಿಯಲಿಲ್ಲ.

ಸೋಮವಾರ ಬಂತು. ಸೋಮವಾರ ನಾನು ಗೈಡ್ ಮೇಡಂ ಪರವಾಗಿ ಮೇಲಿನ ತರಗತಿಯ ವಿಶೇಷ ಕೋರ್ಸಿಗೆ ಪಾಠ ಮಾಡಬೇಕು, ಅದೂ ಆ ಕೋಣೆಯಲ್ಲೇ. ಬೋರ್ಡು ಮುಟ್ಟುವಂತಿಲ್ಲವಾದ್ದರಿಂದ ಕಾನೂನು ಸಾರ್ ಒಂದು ಸಣ್ಣ ಬೋರ್ಡನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಇಡಿಸಿದ್ದರು. ಹದಿನೈದು ಜನ ನನ್ನ ಎದುರಿಗೆ. ನನ್ನ ಬೆನ್ನಿಗೆ ಆ ಸಾಲು. ಅವರು ನನ್ನನ್ನು ನೋಡಿದರೂ ನನ್ನ ಹಿಂದೆ ನೋಡಿದ ಹಾಗೇ ಅನ್ನಿಸುತ್ತಿತ್ತು. ಸಾಧ್ಯವಾದಷ್ಟು ಅಗಲವಾಗಿ ನಿಂತೆ. ಪಾಠದ ನಡುವೆ ಚಾಕ್‌ಪೀಸು ಬದಲಿಸಲು ತಿರುಗಿದಾಗ ಕಣ್ಣು ತಾನಾಗಿ ಅತ್ತ ಹೋಯಿತು.

ನಾಲ್ಕನೇ ಸಾಲಿನ ಪಕ್ಕ, ಸಾಸಿವೆ ಕಾಳಿನಷ್ಟು ಚಿಕ್ಕದಾಗಿ, ಬಿಳಿ ಚಾಕ್‌ಪೀಸಿನಲ್ಲಿ ಒಂದು ಪ್ರಶ್ನೆ ಚಿಹ್ನೆ.

ಆಮೇಲೆ ಏನು ಪಾಠ ಮಾಡಿದೆನೋ ಗೊತ್ತಿಲ್ಲ. ಆ ಹದಿನೈದು ಜನರಿಗೆ ಜೀವಮಾನವಿಡೀ ಗಣಿತದಲ್ಲಿ ಏನಾದರೂ ತಪ್ಪಾದರೆ ಅದು ಆ ಇಪ್ಪತ್ತು ನಿಮಿಷದ ಫಲ. ಗಂಟೆ ಹೊಡೆದಾಗ ಅಂಗಿ ಬೆನ್ನಿಗೆ ಅಂಟಿತ್ತು. ಯಾರು ಹಾಕಿದ್ದು? ಮೇಷ್ಟ್ರೇ? ಕಾನೂನು ಸಾರೇ? ಗೈಡ್ ಮೇಡಂ ಬೆಳಿಗ್ಗೆ ನನ್ನನ್ನು ನೋಡಿ ನಕ್ಕಿದ್ದರು, ಯಾಕೆ ನಕ್ಕರು? ಯಾರೋ ಒಬ್ಬರಿಗೆ ಗೊತ್ತಿದೆ, ಆ ಒಬ್ಬರು ಸುಮ್ಮನಿದ್ದಾರೆ. ಎಲ್ಲರೂ ಬಂದು ಬೈದಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ.

ಮಂಗಳವಾರ ಮಧ್ಯಾಹ್ನ ಲೈಬ್ರರಿಯ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದೆ. ಇರುವೆ ಬಂದಳು. ಅವಳು ಆ ವರ್ಷವಷ್ಟೇ ಸಂಶೋಧನೆಗೆ ಸೇರಿದವಳು, ಗೈಡ್ ಮೇಡಂ ಅವರದೇ ವಿದ್ಯಾರ್ಥಿನಿ. ತನಗಿಂತ ದೊಡ್ಡ ಪುಸ್ತಕದ ಹೊರೆ ಹೊತ್ತು, ಗೋಡೆಯ ಅಂಚಿಗೇ ನಡೆಯುತ್ತಿದ್ದುದರಿಂದ ಆ ಹೆಸರು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು.

"ಅಣ್ಣಾ, ಒಂದು ಮಾತು. ಬೈಬಾರ್ದು."

"ಹೇಳಮ್ಮ."

"ನಿಮ್ಮ ಬೋರ್ಡಿನ ಮೇಲೆ ಪ್ರಶ್ನೆ ಹಾಕಿದ್ದು ನಾನೇ."

ನನ್ನ ಕೈ ಮೆಟ್ಟಿಲ ಅಂಚನ್ನು ಹಿಡಿಯಿತು.

"ತಪ್ಪು ಅಂತ ಅಲ್ಲ ಅಣ್ಣಾ!" ಅವಳು ಗಾಬರಿಯಿಂದ ಕೈಯಾಡಿಸಿದಳು. "ನಂಗೆ ಅರ್ಥ ಆಗ್ಲಿಲ್ಲ ಅಂತ ಗುರುತಿಗೆ ಹಾಕ್ಕೊಂಡೆ. ನಾಲ್ಕು ದಿನದಿಂದ ಅದೊಂದೇ ಸಾಲು ನೋಡ್ತಿದ್ದೀನಿ. ನೀವು ಸ್ಪಷ್ಟ ಅಂತ ಬರ್ದಿದ್ದೀರಿ. ಮೇಷ್ಟ್ರು ನೋಡಿದ್ರು, ಮೇಡಂ ನೋಡಿದ್ರು, ಎಲ್ಲರಿಗೂ ಸ್ಪಷ್ಟ. ನಂಗೊಬ್ಳಿಗೇ ಆಗ್ತಿಲ್ಲ." ಮೂಗು ಎಳೆದುಕೊಂಡಳು. "ಇದು ನನ್ನ ಕೈಲಾಗೋ ಕೆಲ್ಸ ಅಲ್ಲ ಅಣ್ಣಾ. ನಾಳೆ ಮೇಡಂಗೆ ಹೇಳಿ ಬಿಟ್ಬಿಡ್ತೀನಿ. ಹೋಗೋಕ್ಮುಂಚೆ ಅದೊಂದು ಹೇಳ್ಕೊಡಿ, ಸಾಕು."

ಒಂದು ಮಾತು ಸಾಕಿತ್ತು. "ಇನ್ನೊಂದ್ಸಲ ಯೋಚಿಸು, ಹೊಳೆಯುತ್ತೆ" ಅಂದಿದ್ದರೆ ಅವಳು ಪ್ರಶ್ನೆ ಚಿಹ್ನೆಯನ್ನು ತಾನೇ ಅಳಿಸಿ ಹೊರಟುಹೋಗುತ್ತಿದ್ದಳು. ಮರುದಿನ ಬೋರ್ಡು ಒರೆಸುತ್ತಿದ್ದರು. ಸಹಿ, ಡಾಕ್ಟರ್ ಪದವಿ, ಅಂಗಡಿಯ ಬಾಗಿಲಲ್ಲಿ ಅಕ್ಕ ಹಾಕಿಸುವ ನನ್ನ ನಾಮಫಲಕ. ಆ ಮಾತು ನಾಲಿಗೆಯ ತುದಿಗೆ ಬಂದು ಕುಳಿತೂ ಆಗಿತ್ತು. ಅವಳು ನೋಟ್‌ಬುಕ್ಕನ್ನು ತೆರೆದು ಮಂಡಿಯ ಮೇಲೆ ಇಟ್ಟುಕೊಂಡು, ನಾನು ಹೇಳುವುದನ್ನು ಬರೆದುಕೊಳ್ಳಲು ಪೆನ್ನು ಹಿಡಿದಿದ್ದಳು.

"ಆ ಸಾಲು ತಪ್ಪು" ಅಂದೆ.

ಅವಳು ನನ್ನನ್ನೇ ನೋಡಿದಳು. ಆಮೇಲೆ ಬೇಸರದಿಂದ ನಕ್ಕಳು. "ನನ್ನ ಸಮಾಧಾನಕ್ಕೆ ಹೇಳ್ತಿದ್ದೀರಾ. ನೀವು ಯಾವಾಗ್ಲೂ ಹಿಂಗೇ ಅಲ್ವಾ ಅಣ್ಣಾ, ಏನಾದ್ರೂ ಒಂದು ಬಿಡ್ತಾ ಇರ್ತೀರಿ."

ಐದು ವರ್ಷ ಬಿಟ್ಟ ಬುರುಡೆಯೆಲ್ಲ ನಂಬಿದ ಊರು ಇದು. ಒಂದು ನಿಜ ಹೇಳಿದರೆ ನಂಬುವವರಿಲ್ಲ! ನಾನು ನೋಟ್‌ಬುಕ್ಕನ್ನು ಕಿತ್ತುಕೊಂಡು ವೃತ್ತಗಳನ್ನು ಬರೆದೆ.

"ಇವು ಬಾವಿ. ಮೊದಲನೇದು ಒಂದು ಮಾರು ಆಳ, ಎರಡನೇದು ಎರಡು, ಮೂರನೇದು ಮೂರು. ಹಿಂಗೇ ಮುಗಿಯೋದೇ ಇಲ್ಲ. ಈಗ ಎಲ್ಲಾ ಬಾವಿಗೂ ಆಗೋ ಒಂದು ಹಗ್ಗ ಕೊಡು ನೋಡೋಣ."

"ನೂರು ಮಾರು" ಅಂದಳು. ತಕ್ಷಣ, "ಇಲ್ಲ, ನೂರಾ ಒಂದನೇದಕ್ಕೆ ಸಾಲಲ್ಲ." ತುಟಿ ಕಚ್ಚಿದಳು. "ಯಾವ ಹಗ್ಗ ಕೊಟ್ರೂ..." ಪೆನ್ನನ್ನು ವಾಪಸು ಕಿತ್ತುಕೊಂಡಳು. ಮೂರನೇ ಸಾಲು ಬರೆದಳು, ನಾಲ್ಕನೇ ಸಾಲು ಬರೆದಳು, ನಡುವೆ ಗೆರೆ ಎಳೆದಳು. ನನ್ನ ಥೀಸಿಸ್ಸು ಸಾಯುವುದನ್ನು ನಾನು ಒಂದು ಅಡಿ ದೂರದಿಂದ ನೋಡಿದೆ. ಕೊಂದವಳ ಮುಖ ನಿಧಾನವಾಗಿ ಅರಳಿತು. ಆಮೇಲೆ ಅವಳಿಗೆ ಅದು ಯಾರ ಸಾಲು ಎಂಬುದು ನೆನಪಾಗಿ, ಅರಳಿದ ಮುಖ ಬಿಳಿಚಿತು.

"ಅಣ್ಣಾ... ಹಂಗಾದ್ರೆ ನಿಮ್ಮ ಪ್ರಮೇಯ?"

"ಬಾ, ಮೇಡಂ ರೂಮಿಗೆ ಹೋಗೋಣ. ನಂಗೊಬ್ನಿಗೇ ಹೋಗೋಕೆ ಕಾಲು ಬರಲ್ಲ."

ಅವಳು ಬಾಗಿಲ ಹೊರಗೆ ನಿಂತಳು. ಮೇಡಂ ಮೇಜಿನ ಮೇಲೆ ನನ್ನ ಫಾರಂ ಇತ್ತು. ನಾಳೆಯ ದಿನಾಂಕವನ್ನು ಆಗಲೇ ಬರೆದು, ಸಹಿಗೆ ಜಾಗ ಬಿಟ್ಟಿದ್ದರು. ನಾನು ಹೇಳಿದ್ದನ್ನು ಕೇಳಿದರು. ಒಂದು ಹಾಳೆ ಎಳೆದುಕೊಂಡು ತಾವೇ ಬರೆದು ನೋಡಿದರು. ಅಷ್ಟು ಹೊತ್ತಿನಲ್ಲಿ ಹೊರಗೆ ಮೂರು ತಲೆಮಾರು ಹುಟ್ಟಿ ಮುಪ್ಪಾದವು. ಕೊನೆಗೆ ಪೆನ್ನಿನ ಮುಚ್ಚಳ ಹಾಕಿ, "ಯಾವಾಗ ಗೊತ್ತಾಯ್ತು ನಿಂಗೆ?" ಅಂದರು.

ಇವತ್ತು ಎನ್ನಬಹುದಿತ್ತು. ಇರುವೆ ತೋರಿಸಿದಳು ಎನ್ನಬಹುದಿತ್ತು. ಅರ್ಧ ನಿಜವೂ ಹೌದು.

"ಬೋರ್ಡಿನ ಮುಂದೆ ನಿಂತಿದ್ದಾಗ ಮೇಡಂ. ಬರೀತಿದ್ದಾಗ್ಲೇ."

ಅವರು ಬೈಯಲಿಲ್ಲ, ಬೈದಿದ್ದರೆ ಬದುಕುತ್ತಿದ್ದೆ. "ನಾನೂ ಆ ಸಾಲನ್ನು ಎರಡು ವರ್ಷ ಓದಿದ್ದೀನಿ" ಎಂದಷ್ಟೇ ಮೆಲ್ಲಗೆ ಅಂದುಕೊಂಡರು, ತಮಗೆ ತಾವೇ. ಆಮೇಲೆ ಫಾರಂ ಎತ್ತಿ ಡ್ರಾಯರಿನೊಳಗೆ ಇಟ್ಟರು.

"ಎರಡನೇ ಅಧ್ಯಾಯ ಉಳಿಯುತ್ತೆ. ಉಳಿದದ್ದು ಮತ್ತೆ ಕಟ್ಟಬೇಕು. ಒಂದು ವರ್ಷ ಅಂದ್ಕೋ. ಎರಡಾದರೂ ಆಶ್ಚರ್ಯ ಇಲ್ಲ. ನಾಳೆ ಎಲ್ಲರ ಮುಂದೆ ನೀನೇ ಹೇಳ್ತೀಯ. 'ಬರೀತಿದ್ದಾಗ್ಲೇ ಗೊತ್ತಿತ್ತು' ಅನ್ನೋದನ್ನೂ ಸೇರಿಸಿ."

ಬುಧವಾರ, ಬೋರ್ಡಿನ ಗಡುವು ಮುಗಿದ ಮೇಲೆ, ಬಾವಿಯ ಲೆಕ್ಕದಲ್ಲೇ ಹೇಳಿದೆ. ಮೂವತ್ತು ಮುಖಗಳೆದುರು ಆ ಸಾಲಿನ ಮೇಲೆ ಅಡ್ಡಗೆರೆ ಎಳೆಯುವಾಗ ಚಾಕ್‌ಪೀಸು ಕಿರ್ ಎಂದದ್ದು ಇನ್ನೂ ಹಲ್ಲಿನಲ್ಲಿದೆ. ತಪ್ಪು ಕಂಡೂ ಮುಂದುವರಿದೆ ಎಂದಾಗ ಹಿಂದಿನಿಂದ ಯಾರೋ "ಛೇ" ಅಂದರು. ಆ ಅಕ್ಷರಕ್ಕೆ ನಾನು ಅರ್ಹ. ಅಕ್ಕನಿಗೆ ಹಿಂದಿನ ಸಂಜೆಯೇ ಹೇಳಿದ್ದೆ. "ನಾನು ಬಾಯಿ ಹಾಕಿದ್ದಕ್ಕೇ ಹಿಂಗಾಯ್ತಾ?" ಎಂದು ಕತ್ತರಿ ಕೆಳಗಿಟ್ಟಿದ್ದಳು. "ಇಲ್ಲ ಅಕ್ಕಾ, ನಾನು ಬಾಯಿ ಮುಚ್ಕೊಂಡಿದ್ದಕ್ಕೆ" ಅಂದಿದ್ದೆ. ಈ ಸಲ ಅವಳು ಅಂಗಡಿ ಮುಚ್ಚಲಿಲ್ಲ.

ಇನ್ನೇನು ಕೂರಬೇಕು, ಮುಂದಿನ ಸಾಲಿನಲ್ಲಿ ಗೊರಕೆ ನಿಂತಿತು.

"ಏಯ್, ನಿಲ್ಲಯ್ಯ! ಆ ಸಾಲು ಯಾಕೆ ಹೊಡೆದು ಹಾಕ್ದೆ?" ಮೇಷ್ಟ್ರು ಎದ್ದೇ ನಿಂತರು. "ಸರಿಯಾಗೇ ಇದೆಯಲ್ಲ! ವಾರವಿಡೀ ಓದಿದ್ದೀನಿ ನಾನು. ಚೊಕ್ಕವಾಗಿದೆ!"

ಕೋಣೆ ದಂಗಾಯಿತು. ನಾನು ಅವರ ಬೆನ್ನಿಗೆ ಹೆದರಿ ಕಳೆದ ವಾರದಲ್ಲಿ ಆ ಬೆನ್ನಿಗೆ ಏನೂ ಕಂಡಿರಲಿಲ್ಲ!

"ಸಾರ್, ಪ್ರತಿ ಬಾವಿಗೂ ಬೇರೆ ಹಗ್ಗ..."

"ಅದು ಗೊತ್ತು ಕಣಯ್ಯ, ನಿನಗಿಂತ ಮೊದಲು ಹುಟ್ಟಿದ್ದೀನಿ. ಆದ್ರೆ ಇವೆಲ್ಲ ಒಂದೇ ಊರಿನ ಬಾವಿಗಳು ತಾನೆ? ಹೊರಗಿಂದ ತಂದ ಉದಾಹರಣೆ ನಂಗೆ ಬೇಡ. ಈ ಊರೊಳಗೆ, ಈ ನಿನ್ನ ಲೆಮ್ಮಾದ ಷರತ್ತಿನೊಳಗೆ, ಆಳ ಏರ್ತಾ ಹೋಗೋ ಬಾವಿ ತೋರ್ಸು. ಆಮೇಲೆ ಹೊಡಿ ಗೆರೆ."

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಒಂದು ಕ್ಷಣ, ಹೇಳಲು ನಾಚಿಕೆ, ಆಸೆಯೂ ಆಯಿತು: ಅವರು ಹೇಳುವುದೇ ಸರಿಯಾಗಿದ್ದರೆ?

"ಇದೆ ಸಾರ್" ಎಂಬ ಧ್ವನಿ ಗೋಡೆಯ ಪಕ್ಕದಿಂದ ಬಂತು. ಇರುವೆ ಎದ್ದು ನಿಂತಿದ್ದಳು. "ಈ ಊರೊಳಗೇ ಇದೆ. ನಿನ್ನೆ ಮನೇಲಿ ಹುಡುಕ್ದೆ."

"ಬಾ, ಬರಿ" ಎಂದು ಮೇಷ್ಟ್ರು ಕೂತರು. ನಿದ್ದೆ ಮಾಡಲು ಅಲ್ಲ. ಕನ್ನಡಕ ಏರಿಸಿ, ಮುಂದಕ್ಕೆ ಬಾಗಿ.

ಅವಳು ಗೋಡೆಯ ಅಂಚು ಬಿಟ್ಟು ಕೋಣೆಯ ನಡುವೆ ನಡೆದು ಬಂದಳು. ನಾನು ಚಾಕ್‌ಪೀಸು ಕೊಟ್ಟು, ಸ್ಟ್ಯಾಂಡಿನ ಮೇಲಿನ ಸಣ್ಣ ಬೋರ್ಡು ತೋರಿಸಿದೆ. ಮೊದಲ ಸಾಲು ಯಾರಿಗೂ ಕಾಣದಷ್ಟು ಚಿಕ್ಕದಾಗಿತ್ತು. "ದೊಡ್ಡದಾಗಿ ಬರಿಯಮ್ಮ, ವಯಸ್ಸಾಗಿದೆ ನಂಗೆ" ಅಂದರು ಮೇಷ್ಟ್ರು. ಅವಳು ಅಳಿಸಿ, ಎರಡು ಪಟ್ಟು ದೊಡ್ಡದಾಗಿ ಬರೆದಳು. ಗೆರೆಗಳು ಅಂಕುಡೊಂಕಾಗಿದ್ದವು. ಎರಡನೇ ಸಾಲು. ಮೇಷ್ಟ್ರು, "ಇದು ಹೇಗೆ?" ಅಂದರು. ಹೇಳಿದಳು. ಮೂರನೇ ಸಾಲು.

ನಾನು ಪಕ್ಕದಲ್ಲಿ ಡಸ್ಟರ್ ಹಿಡಿದು ನಿಂತಿದ್ದೆ. ಅವಳು ತಪ್ಪಿದರೆ ನನ್ನ ಥೀಸಿಸ್ಸು ಬದುಕುತ್ತದೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವಳು ನಾಲ್ಕನೇ ಸಾಲಿಗೆ ಕೈ ಎತ್ತಿದಾಗ ನಾನು ಕಳೆದ ವಾರಕ್ಕಿಂತ ಹೆಚ್ಚು ಹೆದರಿದೆ: ತಪ್ಪಬೇಡ ಮಾರಾಯ್ತಿ, ತಪ್ಪಬೇಡ.

ತಪ್ಪಲಿಲ್ಲ. ಮೇಷ್ಟ್ರು ಬೋರ್ಡನ್ನು ಮೇಲಿಂದ ಕೆಳಗೆ ಎರಡು ಸಲ ಓದಿದರು. ಮೂರನೇ ಸಲ ಓದುವಾಗ ಬೆರಳಿನಿಂದ ಗಾಳಿಯಲ್ಲಿ ಬರೆದು ನೋಡಿದರು.

"ಹೂಂ" ಅಂದರು. "ಹೋಯ್ತು ಕಣಯ್ಯ ನಿನ್ನ ಪ್ರಮೇಯ."

"ಹೌದು ಸಾರ್" ಅಂದೆ.